ಗಾಳದ ಕೋಲು ಮುರಿದರೆ ಹೊಣೆ ಯಾರದು?

ಬ್ಯಾಡಗಿ ಅಂದ ಕೂಡಲೇ ನಿಮಗೆಲ್ಲ ನೆನಪಾಗೋದು ಕೆಂಪು ಮೆಣಸಿನಕಾಯಿ. ಆ ಕಡೆಯವನೊಬ್ಬ ಮೀನು ಹಿಡಿಯೋ ಗಾಳದ ಬಗ್ಗೆ ಬರೆಯೋಕೆ ಕೂತರೆ "ಇವನಿಗ್ಯಾಕಪ್ಪಾ ಇಲ್ಲದ ಉಸಾಬರಿ" ಅಂತ ನೀವು ನಗಬಹುದು. ನಗಿ, ಬೇಜಾರಿಲ್ಲ :-) ಆದರೆ ನಮ್ಮ ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆ, ವರದೆ, ಕುಮುದ್ವತಿ, ಧರ್ಮಾ ನದಿಗಳಿವೆ. ಊರೂರಿಗೂ ಕೆರೆಗಳಿವೆ. ಮಳೆಗಾಲ ಮುಗಿದ ಮೇಲೆ ಕೆರೆ ಏರಿ ಮೇಲೆ ಕೋಲು ಹಿಡಿದು ಕೂತ ಹುಡುಗರು ನಮ್ಮಲ್ಲೂ ಕಾಣಸಿಗುತ್ತಾರೆ.

ನನ್ನ ಪ್ರಶ್ನೆ ಸಣ್ಣದು. ಗಾಳದ ಕೋಲು ಮುರಿದರೆ ಹೊಣೆ ಯಾರದು? ಹಿಡಿದವನದೋ, ಮಾಡಿದವನದೋ? ಇದರ ಹಿಂದೆ ಬಿದ್ದು ಹೋದರೆ ಕಲ್ಯಾಣದ ಚಾಲುಕ್ಯರಿಂದ ಹಿಡಿದು ನಮ್ಮ ರಾಣೇಬೆನ್ನೂರಿನ ಬೀಜದ ಪ್ಯಾಕೆಟ್ಟಿನ ತನಕ ಬಂದು ನಿಲ್ಲಬೇಕಾಗುತ್ತೆ. ಬನ್ನಿ, ಒಂದು ಸುತ್ತು ಹಾಕಿ ಬರೋಣ.

ಮೊದಲು ಕೆರೆ ಏರಿಯ ಹುಡುಗನನ್ನೇ ತೆಗೆದುಕೊಳ್ಳಿ. ಅವನ ಕೋಲು ಬಿದಿರಿನದು. ಮೆಳೆಯಲ್ಲಿ ತಾನೇ ಆರಿಸಿ ಕಡಿದದ್ದು, ಇಲ್ಲವೇ ಮೇದಾರರ ಹತ್ತಿರ ಕೇಳಿ ತಂದದ್ದು. ಎಳೆಯದೋ ಬಲಿತದ್ದೋ, ಹುಳ ಹೊಡೆದಿದೆಯೋ, ಗಿಣ್ಣಿನ ಹತ್ತಿರ ಸೀಳಿದೆಯೋ ಅಂತ ಬಗ್ಗಿಸಿ ನೋಡಿದ್ದಾನೆ. ಒಳಗೆ ಟೊಳ್ಳು ಕಡಿಮೆ ಇರೋ ಗಂಡು ಬಿದಿರೇ ಬೇಕು ಅನ್ನೋದು ಅವನಿಗೆ ಗೊತ್ತು. ಅದು ಮುರಿದರೆ ಅವನು ಯಾರ ಮೇಲೂ ದೂರು ಹೇಳಲ್ಲ. ಇನ್ನೊಂದು ಕೋಲು ಕಡೀತಾನೆ, ಅಷ್ಟೇ. ಯಾಕೆಂದರೆ ಕೋಲಿನ ಬಗ್ಗೆ ತಿಳಿಯಬೇಕಾದದ್ದೆಲ್ಲ ಅವನ ಕೈಯಲ್ಲೇ ಇತ್ತು. ತಿಳಿವಳಿಕೆ ಅವನದು, ಹೊಣೆಯೂ ಅವನದು. ಈ ಒಂದು ಮಾತನ್ನು ನೆನಪಿನಲ್ಲಿಡಿ.

ಗಾಳ ಹಾಕೋದನ್ನು ಒಂದು ವಿದ್ಯೆ ಅಂತ ಬರೆದಿಟ್ಟವರಲ್ಲಿ ನಮ್ಮ ನಾಡಿನ ಒಬ್ಬ ರಾಜನೂ ಇದ್ದಾನೆ ಅನ್ನೋದು ನಿಮಗೆ ಗೊತ್ತೇ? ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಅವನಿಗೆ ಭೂಲೋಕಮಲ್ಲ ಅಂತಲೂ ಬಿರುದು. ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ಅವನ ಹೆಸರಿನಲ್ಲಿ ಬಂದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'. ಐದು ವಿಂಶತಿ, ಒಟ್ಟು ನೂರು ಅಧ್ಯಾಯ. ರಾಜ್ಯಭಾರ, ಅಡುಗೆ, ಸಂಗೀತ, ಆನೆ, ಕುದುರೆ, ಎಲ್ಲ ಉಂಟು. ಅದರಲ್ಲೇ 'ಮತ್ಸ್ಯವಿನೋದ' ಅನ್ನೋ ಭಾಗ. ಯಾವ ಯಾವ ಮೀನು, ಯಾವುದಕ್ಕೆ ಯಾವ ಆಹಾರ, ಹೇಗೆ ಗಾಳ ಹಾಕಬೇಕು ಅಂತ ಅಲ್ಲಿ ವಿವರ ಇದೆ. ಮೀನು ವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಭಾಗದ ಬಗ್ಗೆ ಲೇಖನ ಬರೆದು ಆಧುನಿಕ ವಿಜ್ಞಾನಿಗಳ ಗಮನಕ್ಕೆ ತಂದರು. ನಮ್ಮ ಹಾವೇರಿ ಸೀಮೆಯೂ ಆಗ ಚಾಲುಕ್ಯರ ಆಳ್ವಿಕೆಯಲ್ಲೇ ಇತ್ತು. ವರದೆ ತುಂಗಭದ್ರೆಯನ್ನು ಕೂಡೋ ಗಳಗನಾಥದ ದೇವಸ್ಥಾನ ನೋಡಿದವರಿಗೆ ಆ ಕಾಲದ ಕೈಕೆಲಸ ಎಂಥದ್ದು ಅಂತ ಹೇಳಬೇಕಾಗಿಲ್ಲ.

ರಾಜನಿಗೆ ಗಾಳ ವಿನೋದ. ಬಿದಿರು ಕಡಿದು ಬದುಕುವವರಿಗೆ ಅದೇ ಬಿದಿರು ಕಾಯಕ. ಸೋಮೇಶ್ವರ ತೀರಿಕೊಂಡು ಒಂದೆರಡು ದಶಕ ಕಳೆಯೋದರೊಳಗೆ ಅದೇ ಕಲ್ಯಾಣದಲ್ಲಿ ಬಸವಣ್ಣನವರ ಸಂಗಡ ಇದ್ದ ಶರಣರಲ್ಲಿ ಮೇದಾರ ಕೇತಯ್ಯನೂ ಒಬ್ಬ. ಬುಟ್ಟಿ, ಮೊರ ಹೆಣೆದು ಮಾರಿ ಬಂದದ್ದರಲ್ಲಿ ದಾಸೋಹ ಮಾಡಿದವನು. ಅಂಥ ಕಡೆ ಮಾಡಿದವನೂ ಕೊಂಡವನೂ ಎದುರುಬದುರು. ಮೊರ ಸಡಿಲಾದರೆ ಮೇದಾರರ ಓಣಿಗೆ ಹೋದರಾಯಿತು. ಗ್ಯಾರಂಟಿ ಕಾರ್ಡು ಬೇಕಿರಲಿಲ್ಲ, ಮುಖವೇ ಗ್ಯಾರಂಟಿ.

ಹಾಗಂತ ಹಳೆಯ ಕಾಲದಲ್ಲಿ ಎಲ್ಲ ಬರೀ ನಂಬಿಕೆ ಮೇಲೇ ನಡೀತಿತ್ತು ಅಂದುಕೊಳ್ಳಬೇಡಿ. ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣ ಶುರುವಾಗೋದೇ ಕುಶಲಕರ್ಮಿಗಳ ಕೈಯಿಂದ ಜನರಿಗೆ ಆಗೋ ನಷ್ಟದ ವಿಚಾರದಿಂದ. ಕೈಗೆ ಕೊಟ್ಟ ಮಾಲು ಕಳೆದರೆ, ಕೆಟ್ಟರೆ ಕುಶಲಕರ್ಮಿ ತುಂಬಿಕೊಡಬೇಕು. ಆದರೆ ಮಾಲು ತಾನಾಗಿ ಸವೆದಿದ್ದರೆ ಅಥವಾ ಆಕಸ್ಮಿಕ ವಿಪತ್ತು ಬಂದಿದ್ದರೆ ಅವನು ಹೊಣೆಯಲ್ಲ. ನೋಡಿ, ಇವತ್ತಿನ ವಾರಂಟಿ ಕಾರ್ಡಿನ ಸಣ್ಣಕ್ಷರದ ಜಗಳ ಆಗಲೇ ಅಲ್ಲಿದೆ. 'ಇದು ಮಾಡಿದವನ ತಪ್ಪೋ, ಸವೆತವೋ, ಆಕಸ್ಮಿಕವೋ?'

ಈಗ ಏಳುನೂರು ವರ್ಷ ಹಾರಿ ಮಂಗಳೂರಿಗೆ ಹೋಗೋಣ. ಹೆನ್ರಿ ಸಲ್ಲಿವನ್ ಥಾಮಸ್ ಅಂತ ಒಬ್ಬ ಇಂಗ್ಲಿಷ್ ಅಧಿಕಾರಿ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ. ಅವನು ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಭಾರತದಲ್ಲಿ ಗಾಳ ಹಾಕೋ ಬಿಳಿಯರಿಗೆಲ್ಲ ಅದು ಕೈಪಿಡಿಯಾಯಿತು. ಅವರ ಕಣ್ಣೆಲ್ಲ ಇದ್ದದ್ದು ಮಹಶೀರ್ ಮೀನಿನ ಮೇಲೆ. ಅದು ಎಂಥ ಮೀನು ಅಂತೀರಾ? 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕೆ.ಜಿ.ಯ ಮಹಶೀರ್ ಹಿಡಿದ ದಾಖಲೆ ಇದೆ. ಅಂಥ ಮೀನು ಎಳೆಯುವಾಗ ಕೋಲಿನ ಗತಿ ಏನಾಗಬೇಕು, ನೀವೇ ಯೋಚಿಸಿ.

ಇದೇ ಹೊತ್ತಿಗೆ ಕೋಲು ಮಾಡೋ ಕೆಲಸ ಕಾರ್ಖಾನೆಗೆ ಹೋಗಿಯಾಗಿತ್ತು. ಅಮೆರಿಕದಲ್ಲಿ ಬಿದಿರನ್ನು ಉದ್ದಕ್ಕೆ ಸೀಳಿ, ಸೀಳುಗಳನ್ನು ತ್ರಿಕೋನವಾಗಿ ಹೆರೆದು, ಆರು ಪಟ್ಟಿ ಸೇರಿಸಿ ಅಂಟು ಹಾಕಿ ಒಂದು ಕೋಲು ಮಾಡೋ ವಿದ್ಯೆ ಬೆಳೆಯಿತು. ಇಂಗ್ಲೆಂಡಿನಲ್ಲಿ 1872ರಲ್ಲಿ ಶುರುವಾದ ಹಾರ್ಡಿ ಬ್ರದರ್ಸ್ ಈ ಕೋಲುಗಳಿಗೆ ದೊಡ್ಡ ಹೆಸರು ಮಾಡಿತು. ಆಶ್ಚರ್ಯ ಏನಂದರೆ ಮೊದಮೊದಲು ಅಮೆರಿಕದವರು ಬಳಸುತ್ತಿದ್ದದ್ದು ನಮ್ಮ ದೇಶದ ಗಂಡು ಬಿದಿರನ್ನೇ. ಕಲಕತ್ತೆಯಿಂದ ಹಡಗು ಹತ್ತುತ್ತಿದ್ದರಿಂದ ಅದಕ್ಕೆ 'ಕಲ್ಕತ್ತಾ ಬಿದಿರು' ಅಂತಲೇ ಹೆಸರು. ಇಪ್ಪತ್ತನೆಯ ಶತಮಾನ ಬರುತ್ತಿದ್ದಂತೆ ಚೀನಾದ ಟೊಂಕಿನ್ ಬಿದಿರು ಅದರ ಜಾಗ ಹಿಡಿಯಿತು.

ಇಲ್ಲೇ ಕಥೆ ತಿರುಗೋದು. ಆರು ಪಟ್ಟಿಯ ಕೋಲನ್ನು ಕೊಂಡವನು ಬಗ್ಗಿಸಿ ನೋಡಬಹುದು. ಆದರೆ ಒಳಗೆ ಅಂಟು ಸರಿಯಾಗಿ ಕೂತಿದೆಯೋ ಇಲ್ಲವೋ ಅವನಿಗೆ ಕಾಣಲ್ಲ. ಮೇಲೆ ವಾರ್ನಿಷ್ ಹೊಳೀತಾ ಇರುತ್ತೆ. ಹಳೆಯ ಅಂಟಿಗೆ ನೀರು, ಸೆಕೆ ಎರಡೂ ಆಗದು. ಬಿಟ್ಟುಕೊಂಡರೆ ಪಟ್ಟಿಗಳು ಬೇರೆಬೇರೆ. ಅಂದರೆ ತಿಳಿವಳಿಕೆ ಮೊದಲ ಸಲ ಕೊಂಡವನ ಕೈಯಿಂದ ಜಾರಿ ಮಾಡಿದವನ ಕೈ ಸೇರಿತು.

ಆ ಕಾಲದ ಒಳ್ಳೆಯ ಕಂಪನಿಗಳು ಒಂದು ಪದ್ಧತಿ ಇಟ್ಟುಕೊಂಡಿದ್ದವು, ನನಗೆ ಬಹಳ ಹಿಡಿಸಿತು. ಒಂದು ಕೋಲಿನ ಜೊತೆ ಎರಡು ತುದಿ ಕೊಡುತ್ತಿದ್ದರು. ತುದಿ ತೆಳ್ಳಗಿರುತ್ತೆ, ಯಾವತ್ತೋ ಒಂದು ದಿನ ಮುರಿದೇ ಮುರಿಯುತ್ತೆ ಅಂತ ಮಾಡಿದವನಿಗೆ ಗೊತ್ತು. ಗೊತ್ತಿರೋದನ್ನ ಬಚ್ಚಿಡದೆ ಪೆಟ್ಟಿಗೆಯೊಳಗೇ ಉತ್ತರ ಇಟ್ಟುಬಿಟ್ಟ. ಕೋರ್ಟಿಲ್ಲ, ಕಚೇರಿಯಿಲ್ಲ. ಹೊಣೆ ಹೊರೋದು ಅಂದರೆ ಹೀಗೆ ಅನ್ನಿಸಲ್ವಾ?

ಕಾಯಿದೆ ಮಾತ್ರ ಇಷ್ಟು ಚುರುಕಾಗಿರಲಿಲ್ಲ. ಬಹುಕಾಲ ಅದು ಹೇಳ್ತಾ ಇದ್ದದ್ದು 'ಕೊಳ್ಳುವವನೇ ಹುಷಾರಾಗಿರಬೇಕು' ಅಂತ. ಮಾಡಿದವನಿಗೂ ಕೊಂಡವನಿಗೂ ನೇರ ಕರಾರಿಲ್ಲದಿದ್ದರೆ ದಾವೆಯೇ ನಿಲ್ಲುತ್ತಿರಲಿಲ್ಲ. ನೀವು ಕೊಂಡದ್ದು ಅಂಗಡಿಯವನಿಂದ, ಅವನನ್ನೇ ಕೇಳಿ ಅಂತ.

ಇದನ್ನು ಅಲುಗಾಡಿಸಿದ್ದೂ ಮುರಿದ ಒಂದು ಮರದ ವಸ್ತುವೇ! ಅಮೆರಿಕದಲ್ಲಿ ಮ್ಯಾಕ್‌ಫರ್ಸನ್ ಅನ್ನುವವನು ಡೀಲರ್ ಹತ್ತಿರ ಬ್ಯೂಕ್ ಕಾರು ಕೊಂಡ. ಗಾಲಿಯ ಮರದ ಕಡ್ಡಿಗಳು ಮುರಿದು ಅವನು ಕೆಳಗೆ ಬಿದ್ದ. ಗಾಲಿ ನಾವು ಮಾಡಿದ್ದಲ್ಲ, ಬೇರೆಯವರಿಂದ ತರಿಸಿದ್ದು ಅಂದಿತು ಕಂಪನಿ. 1916ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಕಾರ್ಡೋಜೋ ಅದನ್ನು ಒಪ್ಪಲಿಲ್ಲ. ಪರೀಕ್ಷೆ ಮಾಡಿ ನೋಡೋ ಅವಕಾಶ ಇದ್ದದ್ದು ಕಂಪನಿಗೆ, ಆದ್ದರಿಂದ ಕೊನೆಯ ಗಿರಾಕಿಗೂ ಅದೇ ಹೊಣೆ ಅನ್ನೋದು ತೀರ್ಪಿನ ಸಾರ. ಬ್ರಿಟನ್ನಿನಲ್ಲಿ ಈ ಮಾತು ಬರೋಕೆ 1932 ಆಗಬೇಕಾಯಿತು. ಅದು ಶುಂಠಿ ಪಾನೀಯದ ಬಾಟಲಿಯಲ್ಲಿ ಬಸವನಹುಳು ಸಿಕ್ಕಿತು ಅನ್ನೋ ಡೊನೊಹ್ಯೂ ಪ್ರಕರಣ.

ನಮ್ಮಲ್ಲಿ ಸರಕು ಮಾರಾಟ ಕಾಯಿದೆ ಬಂದದ್ದು 1930ರಲ್ಲಿ. ಅದರ 16ನೆಯ ಕಲಮು ಓದಿದರೆ ತಮಾಷೆ ಅನ್ನಿಸುತ್ತೆ. ಕೊಳ್ಳುವವನು ಮಾಲನ್ನು ಪರೀಕ್ಷಿಸಿ ನೋಡಿದ್ದರೆ, ಕಣ್ಣಿಗೆ ಕಾಣಬೇಕಾಗಿದ್ದ ದೋಷಕ್ಕೆ ಮಾರಿದವನು ಹೊಣೆಯಲ್ಲ. ಇದು ನ್ಯಾಯವೇ, ನಮ್ಮ ಕೆರೆ ಏರಿ ಹುಡುಗನೂ ಒಪ್ತಾನೆ. ಆದರೆ ಬ್ರಾಂಡ್ ಹೆಸರು ಹೇಳಿ ಕೊಂಡ ಮಾಲು ನಿರ್ದಿಷ್ಟ ಕೆಲಸಕ್ಕೆ ಒದಗುತ್ತೆ ಅನ್ನೋ ಭರವಸೆ ಮಾತ್ರ ತಾನಾಗಿ ಸಿಗಲ್ಲ ಅಂತಲೂ ಅಲ್ಲಿದೆ. ಹೆಸರು ನಂಬಿ ಕೊಂಡವನಿಗೆ ರಕ್ಷಣೆ ಕಡಿಮೆ!

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕೋಲಿನ ಮೈಯೇ ಬದಲಾಯಿತು. 1940ರ ದಶಕದ ಕೊನೆಗೆ ಫೈಬರ್‌ಗ್ಲಾಸ್ ಕೋಲುಗಳು ಬಂದವು. ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾ ಸಂಸ್ಥೆಯಲ್ಲಿ 1960ರ ದಶಕದಲ್ಲಿ ಗಟ್ಟಿ ಕಾರ್ಬನ್ ಎಳೆ ತಯಾರಿಸೋ ವಿಧಾನ ಸಿದ್ಧವಾಯಿತು. 1970ರ ದಶಕದ ಮೊದಲಲ್ಲೇ ಅದರ ಗಾಳದ ಕೋಲೂ ಅಂಗಡಿಗೆ ಬಂತು. ವಿಮಾನಕ್ಕಾಗಿ ಹುಡುಕಿದ್ದು ಮೀನಿಗೆ ಬಂದು ಮುಟ್ಟಿತು.

ಕಾರ್ಬನ್ ಹಗುರ, ಬಿರುಸು. ಎಳೆಯ ಉದ್ದಕ್ಕೆ ಎಳೆದರೆ ಭಾರೀ ಗಟ್ಟಿ. ಆದರೆ ಅಡ್ಡಕ್ಕೆ ಒಂದು ಸಣ್ಣ ಏಟು ಬಿದ್ದರೆ, ಕಾರಿನ ಬಾಗಿಲಿಗೆ ಸಿಕ್ಕರೆ, ಸೀಸದ ಗುಂಡು ತಾಗಿದರೆ, ಒಳಗೆ ಕೂದಲೆಳೆಯ ಗಾಯ ಆಗುತ್ತೆ. ಹೊರಗೆ ಏನೂ ಕಾಣದೇ ಇರಬಹುದು. ತಿಂಗಳಾದ ಮೇಲೆ ಅರ್ಧ ಕೆ.ಜಿ. ಮೀನಿಗೇ 'ಟಪ್' ಅಂತ ಎರಡು ತುಂಡು. ಬಿದಿರಾದರೆ ಮೊದಲು ಚಟಚಟ ಅಂದು ಸುಳಿವು ಕೊಡುತ್ತೆ, ನಾರು ಹಿಡಿದುಕೊಂಡು ನೇತಾಡುತ್ತೆ. ಕಾರ್ಬನ್‌ಗೆ ಆ ದಾಕ್ಷಿಣ್ಯ ಇಲ್ಲ. ಇನ್ನೊಂದು ಕಾರಣ ಹಿಡಿದವನ ರೀತಿ. ಮೀನು ಕಾಲ ಬುಡಕ್ಕೆ ಬಂದಾಗ ಕೋಲನ್ನು ನೆಟ್ಟಗೆ ತಲೆ ಮೇಲೆ ಎತ್ತಿದರೆ ಭಾರವೆಲ್ಲ ತೆಳ್ಳನೆ ತುದಿಗೆ ಬೀಳುತ್ತೆ. ದಪ್ಪ ಬುಡ ಸುಮ್ಮನೆ ಕೂತಿರುತ್ತೆ.

ನಮ್ಮ ಪರಿಚಯದ ಹುಡುಗನೊಬ್ಬ ಆನ್‌ಲೈನಿನಲ್ಲಿ ಒಂದು ಕಾರ್ಬನ್ ಕೋಲು ತರಿಸಿದ. ಎರಡನೇ ಸಲ ಕೆರೆಗೆ ಹೋದಾಗಲೇ ನಡು ಮುರಿಯಿತು. ಮಾರಿದವರು ಫೋಟೋ ಕೇಳಿದರು, ಕಳಿಸಿದ. 'ಸರಿಯಾಗಿ ಬಳಸದ ಕಾರಣ ಮುರಿದಿದೆ' ಅಂತ ಒಂದು ಸಾಲಿನ ಉತ್ತರ ಬಂತು. ಇರಬಹುದು, ಇಲ್ಲದೆಯೂ ಇರಬಹುದು. ಅದನ್ನು ನಿರ್ಧರಿಸಿದವರು ಯಾರು? ಮಾಲು ಮಾರಿದವರೇ. ಬರೀ ಒಂದು ಫೋಟೋ ನೋಡಿ.

ಹಾಗಾದರೆ ಕಂಪನಿಗಳು ಮುರಿದದ್ದಕ್ಕೆಲ್ಲ ಹೊಸದು ಕೊಡಬೇಕೇ? ಅದೂ ನಡೆದಿದೆ. ಅಮೆರಿಕದ ಆರ್ವಿಸ್ ಕಂಪನಿ 1980ರ ದಶಕದ ಕೊನೆಗೆ ತನ್ನ ಕೋಲುಗಳಿಗೆ 25 ವರ್ಷದ ಗ್ಯಾರಂಟಿ ಕೊಟ್ಟಿತು. ಬೇರೆಯವರು ಜೀವಮಾನದ ವಾರಂಟಿ ಅಂತ ಮುಂದೆ ಹೋದರು. ಗಿರಾಕಿಗಳಿಗೆ ಖುಷಿಯೋ ಖುಷಿ. ಆದರೆ ಪುಕ್ಕಟೆ ಅನ್ನೋದು ಎಲ್ಲೂ ಇಲ್ಲ. ಬಾಗಿಲಿಗೆ ಸಿಕ್ಕಿಸಿ ಮುರಿದವನ ಹೊಸ ಕೋಲಿನ ದುಡ್ಡು, ಜೋಪಾನವಾಗಿ ಇಟ್ಟುಕೊಂಡವನು ಕೊಡೋ ಬೆಲೆಯೊಳಗೇ ಸೇರಿರುತ್ತೆ. ಬರಬರುತ್ತಾ ಹಲವು ಕಂಪನಿಗಳು ರಿಪೇರಿಗೆ ಇಷ್ಟು ಶುಲ್ಕ, ಮೊದಲ ಮಾಲೀಕನಿಗೆ ಮಾತ್ರ ಅಂತೆಲ್ಲ ಷರತ್ತು ಹಾಕಿದವು. ಎಲ್ಲ ಹೊಣೆಯೂ ಕಂಪನಿಗೇ ಅನ್ನೋದು ಹಿಡಿದವನ ಕೈಗಿದ್ದ ಎಚ್ಚರವನ್ನೂ ಕಿತ್ತುಕೊಳ್ಳುತ್ತೆ. ಎಲ್ಲ ಹೊಣೆಯೂ ಗಿರಾಕಿಗೇ ಅನ್ನೋದು ಕಾಣದ ದೋಷಕ್ಕೂ ಅವನನ್ನೇ ಶಿಕ್ಷಿಸುತ್ತೆ.

ನಮ್ಮ ದೇಶದ ಕಾಯಿದೆ ಈಗ ನಡುದಾರಿ ಹಿಡಿದಿದೆ. 1986ರಲ್ಲಿ ಗ್ರಾಹಕರ ರಕ್ಷಣಾ ಕಾಯಿದೆ ಬಂತು. ಅದರ ಜಾಗಕ್ಕೆ ಬಂದ 2019ರ ಕಾಯಿದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರಲ್ಲಿ 'ಉತ್ಪನ್ನ ಹೊಣೆಗಾರಿಕೆ' ಅಂತ ಒಂದು ಅಧ್ಯಾಯವೇ ಇದೆ. ತಯಾರಿಕೆಯಲ್ಲಿ ದೋಷ, ವಿನ್ಯಾಸದಲ್ಲಿ ದೋಷ, ಬಳಸೋ ಬಗ್ಗೆ ಸರಿಯಾದ ಸೂಚನೆ ಕೊಡದೇ ಇರೋದು, ಇವಕ್ಕೆಲ್ಲ ತಯಾರಕ ಹೊಣೆ. ಬಳಸುವವನು ದುರುಪಯೋಗ ಮಾಡಿದ್ದರೆ, ಮಾಲನ್ನು ತಿದ್ದಿ ಬದಲಾಯಿಸಿದ್ದರೆ ಅಲ್ಲ. ಇದರಲ್ಲೊಂದು ಸೂಕ್ಷ್ಮ ಇದೆ, ಗಮನಿಸಿ. ಕೋಲು ಮುರಿದು ಸಿಬಿರು ಕಣ್ಣಿಗೆ ಚುಚ್ಚಿದರೆ ಅದು ಉತ್ಪನ್ನ ಹೊಣೆಗಾರಿಕೆ. ಬರೀ ಕೋಲು ಮುರಿದರೆ ಆ ಅಧ್ಯಾಯ ಅನ್ವಯಿಸಲ್ಲ, ಯಾಕೆಂದರೆ ವಸ್ತುವಿಗೇ ಆದ ಹಾನಿಯನ್ನು ಅದು ಲೆಕ್ಕಕ್ಕೆ ಹಿಡಿಯಲ್ಲ. ಅದಕ್ಕೆ 'ದೋಷಯುಕ್ತ ಸರಕು' ಅಂತ ಬೇರೆ ದಾರಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬೇಕು. ದೋಷ ಸಾಬೀತಾದರೆ ರಿಪೇರಿ, ಬದಲಿ ಮಾಲು, ಹಣ ವಾಪಸು ಇವುಗಳಲ್ಲಿ ಒಂದು ಸಿಗಬಹುದು. ಕಣ್ಣಿಗೆ ಕಾಣದ ದೋಷವಾದರೆ ಪ್ರಯೋಗಾಲಯಕ್ಕೆ ಕಳಿಸಬೇಕಾಗುತ್ತೆ. ಹಾಗಾಗಿ ಮುರಿದ ತುಂಡುಗಳನ್ನು ಎಸೆಯಬೇಡಿ.

ಎಸೆಯಬೇಡಿ ಅಂದೆ. ಆದರೆ ಎತ್ತಿಟ್ಟುಕೊಳ್ಳೋಕೆ ತುಂಡೇ ಉಳಿಯದ ವಸ್ತು ಆದರೆ? ನಮ್ಮ ಸೀಮೆಯ ನಿಜವಾದ ನೋವು ಇಲ್ಲೇ ಇರೋದು. ನಾನು ಹೇಳ್ತಿರೋದು ಬೀಜದ ವಿಷಯ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಕಡ್ಡಿ, ಡಬ್ಬಿ ಅನ್ನೋ ಈ ತಳಿಗಳನ್ನು ಕಾಪಾಡಿಕೊಂಡು ಬಂದವರು ರೈತರೇ. ಒಳ್ಳೆ ಗಿಡ ಆರಿಸಿ, ಬಣ್ಣ ಕಟ್ಟಿದ ಹಣ್ಣು ಒಣಗಿಸಿ, ಮನೆಯಲ್ಲೇ ಬೀಜ ಎತ್ತಿಡೋದು. ಹುಟ್ಟದಿದ್ದರೆ ಬೈಯೋದು ತನ್ನನ್ನೇ. ಕೆರೆ ಏರಿ ಹುಡುಗನ ಬಿದಿರಿನ ಹಾಗೆ.

ಆಮೇಲೆ ಹೈಬ್ರಿಡ್ ಬಂತು. 1972ರಲ್ಲಿ ಧಾರವಾಡದಲ್ಲಿ ಡಾ. ಕಟರಕಿ ಅವರು 'ವರಲಕ್ಷ್ಮಿ' ಹೈಬ್ರಿಡ್ ಹತ್ತಿ ಕೊಟ್ಟರು. ಹೈಬ್ರಿಡ್ ಬೀಜವನ್ನು ಪ್ರತಿ ವರ್ಷ ಹೊಸದಾಗಿ ಕೊಳ್ಳಬೇಕು, ಮನೆ ಬೀಜ ನಡೆಯಲ್ಲ. ರಾಣೇಬೆನ್ನೂರು ಸುತ್ತಮುತ್ತ ಈ ಬೀಜ ತಯಾರಿಸೋದೇ ದೊಡ್ಡ ಕಸುಬಾಯಿತು. ಹತ್ತಿ, ಟೊಮ್ಯಾಟೊ, ಮೆಣಸಿನಕಾಯಿ, ಬೆಂಡೆ. ಹೂವಿನ ಕೇಸರ ಕಿತ್ತು, ಕೈಯಿಂದ ಪರಾಗ ಮುಟ್ಟಿಸೋ ನಾಜೂಕಿನ ಕೆಲಸ, ಬಹುಪಾಲು ಹೆಣ್ಣುಮಕ್ಕಳದು. ಇಲ್ಲಿ ಒಂದು ಮಜಾ ನೋಡಿ. ಬೀಜ ಬೆಳೆದುಕೊಟ್ಟ ರೈತನ ಮಾಲು ಕುಲಶುದ್ಧತೆಯ ಪರೀಕ್ಷೆಯಲ್ಲಿ ಫೇಲಾದರೆ ಕಂಪನಿ ಅದನ್ನು ಒಪ್ಪಿಕೊಳ್ಳಲ್ಲ. ದುಡಿದದ್ದು ನೀರಿಗೆ ಹೋಮ. ಆಗ 'ಹವಾಮಾನ ಸರಿ ಇರಲಿಲ್ಲ' ಅಂದರೆ ಯಾರೂ ಕೇಳಲ್ಲ. ಅದೇ ಬೀಜ ಪ್ಯಾಕೆಟ್ಟಾಗಿ ವಾಪಸು ಬಂದು ಹೊಲದಲ್ಲಿ ಕೈಕೊಟ್ಟರೆ? ಆಗ ಮಳೆ, ರೋಗ, ಗೊಬ್ಬರದ ಪ್ರಮಾಣ, ರೈತನ ಕೈ ಎಲ್ಲ ನೆನಪಾಗುತ್ತವೆ.

2013ರ ಹಂಗಾಮಿನಲ್ಲಿ 'ಕನಕ' ಹೆಸರಿನ ಬಿ.ಟಿ. ಹತ್ತಿ ಹಾವೇರಿ, ದಾವಣಗೆರೆ ಮೊದಲಾದ ಜಿಲ್ಲೆಗಳಲ್ಲಿ ವಿಫಲವಾಗಿ ಸಾವಿರಾರು ರೈತರು ಬೀದಿಗಿಳಿದರು. 2014ರಲ್ಲಿ ರಾಜ್ಯ ಸರ್ಕಾರ ಮಹಿಕೊ ಕಂಪನಿಯನ್ನು ಕಪ್ಪುಪಟ್ಟಿಗೆ ಸೇರಿಸಿತು. ಕಪ್ಪುಪಟ್ಟಿ ಮುಂದಿನ ಮಾರಾಟಕ್ಕೆ ತಡೆ. ಹೋದ ವರ್ಷ ಅದರಿಂದ ತಿರುಗಿ ಬರಲ್ಲ.

ಬಿತ್ತಿದ ಬೀಜದ ದೋಷ ಸಾಬೀತು ಮಾಡೋದು ಹೇಗೆ? ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2012ರ ಜನವರಿಯಲ್ಲಿ ಉತ್ತರ ಕೊಟ್ಟಿದೆ. ಆಂಧ್ರದ ರೈತರ ವಿರುದ್ಧ ರಾಷ್ಟ್ರೀಯ ಬೀಜ ನಿಗಮ ನಡೆಸಿದ ಮಧುಸೂದನ ರೆಡ್ಡಿ ಪ್ರಕರಣ ಅದು. ರೈತರು ಬೀಜದ ಮಾದರಿ ತಂದು ಪರೀಕ್ಷೆ ಮಾಡಿಸಬೇಕಿತ್ತು ಅನ್ನೋದು ನಿಗಮದ ವಾದ. ಕೊಂಡ ಬೀಜವನ್ನೆಲ್ಲ ಬಿತ್ತೋ ರೈತ ಮುಂದೆ ಜಗಳ ಬರುತ್ತೆ ಅಂತ ಒಂದು ಮುಷ್ಟಿ ಎತ್ತಿಡಲಿ ಅಂತ ನಿರೀಕ್ಷಿಸೋಕೆ ಆಗಲ್ಲ, ಆ ಲಾಟಿನ ಮಾದರಿ ಇರೋದು ನಿಗಮದ ಹತ್ತಿರ, ಬೇಕಿದ್ದರೆ ಅದೇ ಪರೀಕ್ಷೆ ಮಾಡಿಸಬಹುದಿತ್ತು ಅನ್ನೋ ಅರ್ಥದಲ್ಲಿ ಕೋರ್ಟ್ ಹೇಳಿತು. ರೈತನೂ ಗ್ರಾಹಕನೇ ಅಂತಲೂ ಸ್ಪಷ್ಟಪಡಿಸಿತು.

ಕಾರ್ಡೋಜೋ ಗಾಲಿಯ ಬಗ್ಗೆ ಹೇಳಿದ್ದೂ ಇದೇ ಅಲ್ಲವೇ? ಯಾರಿಗೆ ತಿಳಿದುಕೊಳ್ಳೋ ಅವಕಾಶ ಇತ್ತೋ, ಅವರೇ ಉತ್ತರ ಕೊಡಬೇಕು.

ನನ್ನ ಅಭಿಪ್ರಾಯ ಇಷ್ಟು. ಮುರಿದದ್ದಕ್ಕೆಲ್ಲ ತಯಾರಕನೇ ಹೊಣೆ ಅಂತ ನಾನು ಹೇಳಲ್ಲ. ಕಾರಿನ ಬಾಗಿಲು ಹಾಕಿದ್ದು ಕಂಪನಿಯಲ್ಲ. ಆದರೆ ಒಳಗೇನಿದೆ ಅಂತ ಗೊತ್ತಿರೋದು ಒಬ್ಬರಿಗೆ ಮಾತ್ರ ಆಗಿದ್ದಾಗ, 'ನಿನ್ನ ತಪ್ಪು' ಅನ್ನೋದನ್ನ ತೋರಿಸಿಕೊಡೋ ಭಾರವೂ ಅವರದೇ ಆಗಬೇಕು. ಒಂದು ಸಾಲಿನ ಉತ್ತರ ಸಾಲದು. ಮುರಿದ ತುಂಡು ತರಿಸಿಕೊಂಡು ನೋಡಲಿ, ಎಲ್ಲಿಂದ ಸೀಳಿತು ಅಂತ ಹೇಳಲಿ. ಲಾಟಿನ ಬೀಜ ಪರೀಕ್ಷೆ ಮಾಡಿಸಿ ಫಲಿತಾಂಶ ಮುಂದಿಡಲಿ. ಮುರಿಯಬಹುದಾದ ತುದಿ ಯಾವುದು ಅಂತ ಮೊದಲೇ ಗೊತ್ತಿದ್ದರೆ, ಆ ಹಳೇ ಕೋಲಿನವರ ಹಾಗೆ, ಪೆಟ್ಟಿಗೆಯಲ್ಲೇ ಇನ್ನೊಂದು ತುದಿ ಇಡಲಿ. ಕೊಳ್ಳೋ ನಾವು ರಸೀದಿ, ಖಾಲಿ ಪ್ಯಾಕೆಟ್ಟು, ಲಾಟ್ ನಂಬರು ಜೋಪಾನ ಮಾಡೋಣ. ಬಿತ್ತನೆ ಮುಗಿದ ಮೇಲೆ ರೈತನ ಕೈಯಲ್ಲಿ ಉಳಿಯೋ ಸಾಕ್ಷಿ ಅದೊಂದೇ.

ನಿಮ್ಮ ಕಡೆ ಇಂಥದ್ದು ನಡೆದಿದೆಯಾ? ಗಾಳವೋ, ಬೀಜವೋ, ಪಂಪ್‌ಸೆಟ್ಟೋ... ಕಂಪನಿ ಏನಂತು, ನೀವೇನು ಮಾಡಿದಿರಿ? ಬರೆಯಿರಿ, ಓದೋಕೆ ಕಾದಿರ್ತೀನಿ.